ಎರಡು ‘ನೀನು’

ದಸರಾ ರಜೆಗೆಂದು ಲಿಂಗದಹಳ್ಳಿಗೆ ಬಂದ ಮೊಮ್ಮಗಳು ನನ್ನನ್ನು ಚೆನ್ನಾಗಿ ಸಿಕ್ಕಿಸಿಹಾಕಿದಳು. ಐದನೇ ತರಗತಿಯ ಹುಡುಗಿ. ಬೆಳಿಗ್ಗೆ ಹಾಲು ತಂದ ಅಜ್ಜನನ್ನು “ನೀನು ಯಾಕೆ ಇವತ್ತು ಲೇಟು?” ಎಂದು ಕೇಳಿದಳು. “ದೊಡ್ಡವರಿಗೆ ನೀವು ಅನ್ನಬೇಕು, ಮಗಳೇ” ಎಂದು ತಿದ್ದಿದೆ. ಆಗ ಸುಮ್ಮನಾದಳು. ಸಂಜೆ ಮನೆಯವರೆಲ್ಲ ಚಾಪೆಯ ಮೇಲೆ ಕೂತು ಪ್ರಾರ್ಥನೆ ಮುಗಿಸಿ ಕಣ್ಣು ತೆರೆದದ್ದೇ ತಡ, ಕೇಳಿಯೇಬಿಟ್ಟಳು: “ತಾತಾ, ದೇವರು ಹಾಲಿನಜ್ಜನಿಗಿಂತ ದೊಡ್ಡವನಲ್ಲವಾ? ಮತ್ತೆ ನೀವು ಅವನಿಗೆ ನೀನು, ನಿನ್ನ ಅಂತೀರಲ್ಲ?”

ಅವಳ ಅಜ್ಜಿ ನಕ್ಕುಬಿಟ್ಟಳು. ಉತ್ತರ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಮಕ್ಕಳೇ, ಈ ಪ್ರಶ್ನೆ ನಿಮಗೂ ಬಂದಿರಬಹುದು. ನಾವು ಅಮ್ಮನಿಗೆ ‘ನೀನು’ ಅನ್ನುತ್ತೇವೆ. ಅದು ಅಗೌರವವಲ್ಲ, ಸಲಿಗೆ. ನಡುವೆ ಗೋಡೆಯಿಲ್ಲ ಎಂದು ಅದರರ್ಥ. ನಮ್ಮ ನಾಡಿನ ಶರಣರೂ ಹರಿದಾಸರೂ ದೇವರನ್ನು ಹಾಗೆಯೇ ಮಾತಾಡಿಸಿದರು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರು ದುಡಿದು, 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಯಿತು. ನಮ್ಮ ಮನೆಯಲ್ಲಿರುವ ಬೈಬಲ್ಲಿನಲ್ಲಿ, ಯೇಸು ಸ್ವಾಮಿ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲೂ ಪರಲೋಕದ ತಂದೆಗೆ ‘ನಿನ್ನ’ ಎಂದೇ ಇದೆ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ತಂದೆಯನ್ನು ‘ಅಬ್ಬಾ’ ಎಂದು ಕರೆಯುತ್ತಾರೆ. ನಮ್ಮ ‘ಅಪ್ಪಾ’ ಎಂದಂತೆಯೇ ಕೇಳಿಸುತ್ತದೆ, ಅಲ್ಲವೇ?

ಇಷ್ಟು ಹೇಳಿದ ಮೇಲೆ ಮೊಮ್ಮಗಳಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಇನ್ನೊಂದು ‘ನೀನು’ ನೆನಪಾಗಿತ್ತು.

ಸುಮಾರು ನಲವತ್ತು ವರ್ಷದ ಹಿಂದಿನ ಮಾತು. ಈ ಸೀಮೆಯದೇ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಕೌಂಟರಿನ ಗುಮಾಸ್ತ. ಆಗ ಕಂಪ್ಯೂಟರ್ ಇಲ್ಲ. ದಪ್ಪ ಲೆಡ್ಜರು, ಹಿತ್ತಾಳೆ ಟೋಕನ್, ಹೆಬ್ಬೆಟ್ಟಿಗೆ ಇಂಕ್ ಪ್ಯಾಡು. ಗಿರಾಕಿಗಳ ವ್ಯವಹಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ. ಡಿಸೆಂಬರ್ ತಿಂಗಳು, ಅಡಿಕೆ ಕೊಯ್ಲಿನ ಕಾಲ, ಕೌಂಟರಿನಲ್ಲಿ ನೂಕುನುಗ್ಗಲು. ಎರಡಕ್ಕೆ ಐದು ನಿಮಿಷ ಇರುವಾಗ ಒಬ್ಬ ಮುದುಕಿ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ತೆಗೆಯಬೇಕಾದದ್ದು 60 ರೂಪಾಯಿ. ಹೆಬ್ಬೆಟ್ಟು ಒತ್ತಿಸಬೇಕು, ಸಾಕ್ಷಿ ಹಾಕಿಸಬೇಕು, ಲೆಡ್ಜರು ತೆಗೆಯಬೇಕು. ನಾನು ತಲೆ ಕೂಡ ಎತ್ತದೆ ಅಂದೆ: “ಏ, ಟೈಮಾಯ್ತು. ನೀನು ನಾಳೆ ಬಾ, ಹೋಗು.”

ಅವಳು ಏನೋ ಹೇಳಲು ಹೋಗಿ, ಹೇಳದೆ ಹೊರಟುಹೋದಳು.

ಎರಡೂ ಹತ್ತಕ್ಕೆ ಅಡಿಕೆ ಸಾಹುಕಾರರೊಬ್ಬರು ಬಂದರು. “ಬನ್ನಿ ಬನ್ನಿ, ನೀವು ಕೂತ್ಕೊಳ್ಳಿ” ಎಂದು ಎದ್ದು ಕುರ್ಚಿ ಕೊಟ್ಟು ಅವರ ಹಣ ಎಣಿಸಿಕೊಂಡೆ. ಸಂಜೆ ಲೆಕ್ಕ ಪೈಸೆಗೆ ಪೈಸೆ ತಾಳೆಯಾಯಿತು. ಬಿ.ಕಾಂ. ಓದಿದವನಿಗೆ ಅದಕ್ಕಿಂತ ಸಂತೋಷ ಏನಿದೆ? ಶಿಳ್ಳೆ ಹಾಕುತ್ತ ಮನೆಗೆ ಹೋದೆ.

ಮನೆಯಲ್ಲಿ ಮಗಳು ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುತ್ತಿದ್ದಳು. ಹುಲ್ಲಿನ ಮಾಡು, ಮಣ್ಣಿನ ಕುರಿಗಳು, ಹೊಲಕ್ಕೆಂದು ತಟ್ಟೆಯಲ್ಲಿ ಮೊಳಕೆ ಹಾಕಿದ ರಾಗಿ. ಮರಿಯಳಿಗೂ ಯೋಸೇಫನಿಗೂ ಛತ್ರದಲ್ಲಿ ಸ್ಥಳ ಸಿಗಲಿಲ್ಲ ಎಂಬ ಕಥೆ ನಿಮಗೆ ಗೊತ್ತಲ್ಲ? ಅದನ್ನೇ ಕೇಳಿದಳು: “ಅಪ್ಪಾ, ಛತ್ರದವರು ಯಾಕೆ ಬಾಗಿಲು ತೆಗೆಯಲಿಲ್ಲ? ಅವರು ಕೆಟ್ಟವರಾ?”

“ಇಲ್ಲಮ್ಮ, ಟೈಮಾಗಿತ್ತೇನೋ” ಅಂದೆ. ಹಾಗೆ ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಆ ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದಾಗ ‘ನಿನ್ನ’ ಎಂಬಲ್ಲಿಗೆ ಬಂದು ನಾಲಿಗೆ ನಿಂತಿತು. ಇದೇ ಬಾಯಿ ಮಧ್ಯಾಹ್ನ ಮುದುಕಿಗೆ ‘ನೀನು’ ಅಂದಿತ್ತು. ಇಲ್ಲಿನದು ಸಲಿಗೆ, ಅಲ್ಲಿನದು ತಾತ್ಸಾರ. ಹಸಿದವರಿಗೆ, ರೋಗಿಗಳಿಗೆ, ಪರದೇಶಿಗಳಿಗೆ ಮಾಡಿದ್ದು ತನಗೇ ಮಾಡಿದಂತೆ ಎಂದು ಯೇಸು ಹೇಳಿದ್ದನ್ನು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಎಷ್ಟೋ ಸಲ ಓದಿದ್ದೆ. ಅವತ್ತು ಅದು ನನ್ನ ಕೌಂಟರಿಗೇ ಬಂದು ನಿಂತಿತ್ತು.

ಮರುದಿನ ಕಾದೆ. ಅವಳು ಬರಲಿಲ್ಲ. ಮೂರನೆಯ ದಿನ ಬಂದಳು. ನಾನು ಕೌಂಟರಿನಿಂದ ಹೊರಗೆ ಬಂದು, “ಅಮ್ಮಾ, ನೀವು ಇಲ್ಲಿ ಕೂತ್ಕೊಳ್ಳಿ” ಎಂದೆ. ಅವಳು ಹಿಂದೆ ತಿರುಗಿ ನೋಡಿದಳು, ಯಾರನ್ನು ಕರೆಯುತ್ತಿದ್ದಾರೆ ಎಂದು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

“ಅವತ್ತು ನನ್ನಿಂದ ತಪ್ಪಾಯಿತಮ್ಮ” ಅಂದೆ.

“ಯಾವತ್ತು ಸ್ವಾಮಿ?” ಎಂದು ಕೇಳಿದಳು. ಅಂಥ ಮಾತು ಅವಳಿಗೆ ಅಷ್ಟು ರೂಢಿಯಾಗಿತ್ತು.

ಮೊಮ್ಮಗನ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯ ಫೀಸಿಗೆ ಅವತ್ತೇ ಕೊನೆಯ ದಿನವಾಗಿತ್ತಂತೆ. ಶಾಲೆಯ ಮೇಷ್ಟ್ರು ತಮ್ಮ ಕೈಯಿಂದ ಕಟ್ಟಿದರಂತೆ. ಈಗ ಅವರಿಗೆ ವಾಪಸು ಕೊಡಲು ಹಣ ಬೇಕಿತ್ತು. ನಾನು ತೆಗೆಯದ ಬಾಗಿಲನ್ನು ಆ ಮೇಷ್ಟ್ರು ತೆಗೆದಿದ್ದರು.

ಮಕ್ಕಳೇ, ದೇವರು ಹತ್ತಿರದಲ್ಲಿದ್ದಾನೆಂದು ಹೇಗೆ ಗೊತ್ತಾಗುತ್ತದೆ ಎಂದು ಕೆಲವರು ಕೇಳುತ್ತಾರೆ. ಕೆಮ್ಮಣ್ಣುಗುಂಡಿ ಬೆಟ್ಟದ ಮೇಲೆ ಮಂಜು ಇಳಿಯುವಾಗ, ಕಲ್ಲತ್ತಿಗಿರಿಯಲ್ಲಿ ನೀರು ಬೀಳುವಾಗ ನನಗೂ ಹಾಗೆ ಅನ್ನಿಸಿದ್ದುಂಟು. ಆದರೆ ತುಂಬ ಹತ್ತಿರ ಬಂದಿದ್ದಾನೆ ಅನ್ನಿಸಿದ್ದು ಆ ರಾತ್ರಿ. ಅವತ್ತು ಅವನು ಕೊಟ್ಟದ್ದು ಸಮಾಧಾನವಲ್ಲ, ಮುಳ್ಳು ಚುಚ್ಚಿದಂಥ ನೋವು.

ಫ್ರಾನ್ಸ್ ದೇಶದಲ್ಲಿ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿ ಇದ್ದರು. 1691ರಲ್ಲಿ ತೀರಿಕೊಂಡರು. ಮೊದಲು ಸಿಪಾಯಿ, ಆಮೇಲೆ ಪ್ಯಾರಿಸ್ಸಿನ ಮಠದಲ್ಲಿ ಅಡುಗೆಯವರು, ವಯಸ್ಸಾದ ಮೇಲೆ ಚಪ್ಪಲಿ ಹೊಲಿದವರು. ಪಾತ್ರೆಗಳ ಗದ್ದಲದ ನಡುವೆಯೂ ಪ್ರಾರ್ಥನೆಯ ಹೊತ್ತಿನಷ್ಟೇ ದೇವರು ತಮ್ಮ ಜೊತೆಗಿದ್ದಾನೆ ಎಂದು ಅವರು ಹೇಳುತ್ತಿದ್ದರು. ನಮ್ಮ ಶರಣರು ಕಾಯಕದಲ್ಲಿ ಕಂಡದ್ದನ್ನೇ ಅವರು ಅಡುಗೆಮನೆಯಲ್ಲಿ ಕಂಡರು. ಅಡುಗೆಮನೆಗೆ ಬರುವ ದೇವರು ಬ್ಯಾಂಕಿನ ಕೌಂಟರಿಗೆ ಬರುವುದಿಲ್ಲವೇ? ನಿಮ್ಮ ಶಾಲೆಯ ಬೆಂಚಿಗೆ ಬರುವುದಿಲ್ಲವೇ?

ಹದಿನಾರನೇ ಶತಮಾನದ ಸಂತ ಇಗ್ನೇಷಿಯಸ್ ತಮ್ಮವರಿಗೆ ಒಂದು ಅಭ್ಯಾಸ ಕಲಿಸಿದರು. ದಿನ ಮುಗಿದ ಮೇಲೆ ಆ ದಿನವನ್ನೇ ದೇವರ ಎದುರು ತಿರುವಿಹಾಕುವುದು. ಬ್ಯಾಂಕಿನವನಾದ ನನಗೆ ಅದು ದಿನದ ಲೆಕ್ಕ ತಾಳೆ ಮಾಡಿದ ಹಾಗೆ. ಅಂದಿನಿಂದ ನಾನು ಮಲಗುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವತ್ತು ನನಗೆ ಏನು ಸಿಕ್ಕಿತು? ಯಾರ ಮುಖವನ್ನು ನೋಡದೆ ಮಾತಾಡಿದೆ? ನಾಳೆ ಯಾರ ಬಳಿ ಮೊದಲು ಹೋಗಬೇಕು? ಐದು ನಿಮಿಷ ಸಾಕು. ನೀವು ಯಾವ ಮನೆಯ ಮಕ್ಕಳಾದರೂ, ಯಾವ ಹೆಸರಿನಿಂದ ದೇವರನ್ನು ಕರೆದರೂ, ಅಜ್ಜ ಅಜ್ಜಿಯ ಜೊತೆ ಕೂತು ಇವತ್ತೇ ಮಾಡಿ ನೋಡಿ.

ಈ ಕಥೆಯನ್ನು ಮೊಮ್ಮಗಳಿಗೂ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಹಾಲಿನಜ್ಜ ಬಂದಾಗ ಅವರ ಮುಖ ನೋಡಿ, “ಅಜ್ಜಾ, ನೀವು ಕಾಫಿ ಕುಡೀತೀರಾ?” ಎಂದು ಕೇಳಿದಳು.

ಅಜ್ಜ ಕ್ಯಾನು ಕೆಳಗಿಟ್ಟು ನಕ್ಕರು. “ಕುಡೀತೀನಿ ಕಣವ್ವ. ಆದರೆ ನನಗ್ಯಾಕೆ ‘ನೀವು’? ನಿಮ್ಮಜ್ಜ ಇದ್ದಂಗೆ ನಾನು. ‘ನೀನು’ ಅಂತಲೇ ಅನ್ನು.”