ಬಂಗಿಗೆ ಲೇಸರ್ ಅಂತೆ!

ಅಕ್ಕಂದಿರೇ, ಇವತ್ತು ಸಿಟ್ಟು ಬಂದೇ ಬರೀತಾ ಇದ್ದೇನೆ.

ನನ್ನ ತಂಗಿ ಮಗಳು, ಮದುವೆಗೆ ಮೊದ್ಲು ಕೆನ್ನೆ ಮೇಲಿನ ಬಂಗು ಹೋಗ್ಲಿ ಅಂದೇಳಿ, ಪೇಟೆ ಪಾರ್ಲರಿನಲ್ಲಿ ಲೇಸರ್ ಮಾಡಿಸ್ಕಂಡು ಬಂತು. 12,000 ರೂಪಾಯಿ! ಮೂರು ವಾರಕ್ಕೆ ಆ ಜಾಗ ಮೊದಲಿಗಿಂತ ಕಪ್ಪು. ಕೇಳೂಕೆ ಹೋದ್ರೆ, "ನಿಮ್ಮ ಚರ್ಮವೇ ಸರಿ ಇಲ್ಲ" ಅಂದ್ರಂತೆ. ಹಾಗಾದ್ರೆ ದುಡ್ಡು ತಕೊಂಬಾಗ ಚರ್ಮ ಕಾಣ್ಲಿಲ್ವಾ?

ಚರ್ಮದ ಡಾಕ್ಟ್ರು ಬಿಡಿಸಿ ಹೇಳಿದ್ರು. ನಮ್ಮಂಥ ಕಂದು ಮೈಯಲ್ಲಿ ಬಣ್ಣದ ಅಂಶ ಹೆಚ್ಚು, ಲೇಸರಿನ ಬಿಸಿಗೆ ಅದು ಕೆರಳಿದ್ರೆ ಕಲೆ ಇನ್ನೂ ಕಪ್ಪಾಗ್ತದೆ. ಬಂಗು ಹೋದ್ರೂ ತಿರುಗಿ ಬರೂದುಂಟು. ಮಾಡಿಸಿದ ಮೇಲೆ ಬಿಸಿಲೂ ತಾಗೂಕಾಗ. ಈ ಜಾಲಿ ಕಡಲಕರೆಯಲ್ಲಿ ಬಿಸಿಲು ತಪ್ಪಿಸ್ಕಂಡು ಎಲ್ಲಿಗೆ ಹೋಗೂದು? ಲೇಸರೇ ಬೇಡ ಅಂತಲ್ಲ, ಮೊಡವೆ ಗುಂಡಿಗೆಲ್ಲ ಡಾಕ್ಟ್ರೇ ಮಾಡ್ತ್ರು. ಪಾರ್ಲರಿನಲ್ಲಿ ಮಾತ್ರ ಬೇಡ.

ಆದ್ರೆ ಕೂಸನ್ನ ಅಲ್ಲಿಗೆ ಓಡಿಸಿದ್ದು ಯಾರು? "ಮುಖಕ್ಕೆ ಎಂತ ಆಯ್ತೇ?" ಅಂದೇಳಿ ಕಂಡಲ್ಲೆಲ್ಲ ಕೇಳಿದವರು ನಾವೇ. ನಾನೂ ಕೇಳಿದ್ದೆ. ಫೇರ್ ಅಂಡ್ ಲವ್ಲಿಯವ್ರೂ 2020ರಲ್ಲಿ 'ಫೇರ್' ಬಿಟ್ರು, ನಾವು ಬಿಡ್ಲಿಲ್ಲ.

ಮದುವೆಗೆ ಎಲ್ಲರೂ ಬನ್ನಿ. ಕೂಸಿನ ಕೆನ್ನೆ ಬಗ್ಗೆ ಒಬ್ಬರೂ ಸೊಲ್ಲೆತ್ತೂದು ಬೇಡ. ಊಟ ಮಾಡ್ಕಂಡು ಹೋಗಿ.