ಮನೆ ಖಾಲಿ ಇದೆ, ಯಾರಿಗೆ?

ಗೇಟಿಗೆ ತಂತಿಯಿಂದ ಕಟ್ಟಿದ ಒಂದು ತಗಡು. ಅದರ ಮೇಲೆ ‘ಮನೆ ಬಾಡಿಗೆಗೆ ಇದೆ’ ಎಂಬ ಸಾಲು, ಕೆಳಗೊಂದು ಮೊಬೈಲ್ ನಂಬರು. ಕೊಪ್ಪಳದ ಹೊಸ ಬಡಾವಣೆಗಳಲ್ಲಿ, ಕುಷ್ಟಗಿಯ ಹೆದ್ದಾರಿ ಮಗ್ಗುಲಿನ ಲೇಔಟುಗಳಲ್ಲಿ ಇಂಥ ಬೋರ್ಡುಗಳು ಬಿಸಿಲಿಗೆ ಬಣ್ಣ ಕಳೆದುಕೊಂಡು ತಿಂಗಳುಗಟ್ಟಲೆ ತೂಗುತ್ತವೆ. ಅದೇ ಓಣಿಗಳಲ್ಲಿ ಸಂಜೆ ಹೊತ್ತು ಮನೆ ಹುಡುಕಿಕೊಂಡು ತಿರುಗುವವರೂ ಸಿಗುತ್ತಾರೆ. ಮನೆ ಇದ್ದವನಿಗೆ ಮಂದಿ ಸಿಗುತ್ತಿಲ್ಲ, ಮಂದಿಗೆ ಮನೆ ಸಿಗುತ್ತಿಲ್ಲ. ಇದು ನಮ್ಮ ಜಿಲ್ಲೆಯ ಸೋಜಿಗವೇನೂ ಅಲ್ಲ. 2011ರ ಜನಗಣತಿಯ ಹೊತ್ತಿಗೆ ದೇಶದ ನಗರಗಳಲ್ಲೇ 1 ಕೋಟಿ 10 ಲಕ್ಷದಷ್ಟು ಮನೆಗಳು ಖಾಲಿ ಬಿದ್ದಿದ್ದವು. ನಗರವಾಸಿಗಳಲ್ಲಿ ಬಾಡಿಗೆ ಮನೆಯವರ ಪಾಲು 1961ರಲ್ಲಿ ಶೇ 54 ಇದ್ದದ್ದು 2011ಕ್ಕೆ ಶೇ 28ಕ್ಕೆ ಇಳಿದಿತ್ತೆಂದು 2017–18ರ ಕೇಂದ್ರದ ಆರ್ಥಿಕ ಸಮೀಕ್ಷೆ ಬರೆದಿತ್ತು.

ಖಾಲಿ ಮನೆಯ ಮಾಲಕರನ್ನು ಕೇಳಿದರೆ ಹೆಚ್ಚಿನವರು ಪ್ರಚಾರ ಸಾಲದೆಂದೇ ಹೇಳುತ್ತಾರೆ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಫೋಟೊ ಹಾಕಬೇಕು, ದಲಾಲಿಗೆ ಹೇಳಿಡಬೇಕು, ಕಿರಾಣಿ ಅಂಗಡಿಯವನ ಕಿವಿಗೊಂದು ಮಾತು ಹಾಕಬೇಕು. ಇವೆಲ್ಲ ಮಾಡಬೇಕಾದದ್ದೇ. ಆದರೆ ಪ್ರಚಾರದ ಕೆಲಸ ಮನುಷ್ಯನನ್ನು ಗೇಟಿನವರೆಗೆ ಕರೆತರುವಲ್ಲಿಗೆ ಮುಗಿಯುತ್ತದೆ. ಗೇಟಿನ ಒಳಗೆ ನಡೆಯುವ ಹತ್ತು ನಿಮಿಷದ ಮಾತುಕತೆಯಲ್ಲೇ ಬಹಳಷ್ಟು ಮನೆಗಳು ಖಾಲಿ ಉಳಿಯುವುದು ತೀರ್ಮಾನವಾಗುತ್ತದೆ. ಬಾಡಿಗೆದಾರ ಸಿಗದ ಮನೆ ಎಂದು ನಾವು ಕರೆಯುವ ಎಷ್ಟೋ ಮನೆಗಳು, ಬಾಡಿಗೆದಾರನನ್ನು ವಾಪಸು ಕಳಿಸಿದ ಮನೆಗಳು.

ಊರು ಊರಿಗೂ ಗಿರಾಕಿ ಬೇರೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಗಂಗಾವತಿ ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಭತ್ತ, ಅಕ್ಕಿ ಗಿರಣಿ, ಲಾರಿ, ವ್ಯಾಪಾರ, ಕಾಲೇಜು. 2011ರಲ್ಲೇ ಅದರ ಜನಸಂಖ್ಯೆ 1 ಲಕ್ಷ ದಾಟಿತ್ತು. ಜಿಲ್ಲಾ ಕೇಂದ್ರವಾದ ಕೊಪ್ಪಳದ್ದು ಆಗ 70 ಸಾವಿರದ ಆಸುಪಾಸು. ಗಂಗಾವತಿಯ ಬಾಡಿಗೆ ಕಾಲುವೆಯ ನೀರಿಗೆ ಕಟ್ಟಿಹಾಕಿದ ಬಾಡಿಗೆ. ಎರಡನೇ ಬೆಳೆಗೆ ನೀರು ಬಂದರೆ ಗಿರಣಿ ನಡೆಯುತ್ತದೆ, ಗಿರಣಿ ನಡೆದರೆ ಗುಮಾಸ್ತನೂ ಚಾಲಕನೂ ಊರಲ್ಲಿ ಉಳಿಯುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎದೆ ಹಿಡಿದುಕೊಂಡವರು ರೈತರಷ್ಟೇ ಅಲ್ಲ.

ಕೊಪ್ಪಳದ ಕಥೆ ಬೇರೆ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು, ಆಮೇಲೆ ವೈದ್ಯಕೀಯ ಕಾಲೇಜು ಬಂತು. ಗಿಣಿಗೇರಾ, ಬೇವಿನಹಳ್ಳಿ ಕಡೆಯ ಉಕ್ಕು-ಕಬ್ಬಿಣದ ಕಾರ್ಖಾನೆಗಳು ಸುತ್ತ ನಿಂತಿವೆ. ಕುಷ್ಟಗಿ, ಯಲಬುರ್ಗಾ ಮಳೆಯನ್ನು ನಂಬಿದ ಸೀಮೆ. ಇಲ್ಲಿಂದ ಮಂದಿ ಮಂಗಳೂರಿಗೆ, ಗೋವಾಕ್ಕೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಾಗೆ ಹೋದವರೇ ಉಳಿಸಿದ ರೊಕ್ಕದಲ್ಲಿ ಊರಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಬಿಡಲು ನೋಡುತ್ತಾರೆ. ಬೆಂಗಳೂರಿನ ಕಣ್ಣಳತೆಯಲ್ಲಿ ಕಟ್ಟಿಸಿದ ಮೂರು ಕೋಣೆಯ ಮನೆಗೆ ಯಲಬುರ್ಗಾದಲ್ಲಿ ಬಾಡಿಗೆ ಕೊಡುವವರು ಯಾರು? ಸರ್ಕಾರಿ ನೌಕರ ಕೇಂದ್ರಸ್ಥಾನದಲ್ಲೇ ವಾಸಿಸಬೇಕೆಂಬ ನಿಯಮ ಕಾಗದದಲ್ಲಿದೆ; ಕೊಪ್ಪಳದಿಂದಲೋ ಗದಗಿನಿಂದಲೋ ಬೆಳಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವರನ್ನು ಯಾರೂ ಎಣಿಸುವುದಿಲ್ಲ. 2018ರಲ್ಲಿ ಯಲಬುರ್ಗಾದಿಂದ ಕುಕನೂರು ಬೇರೆ ತಾಲ್ಲೂಕಾಯಿತು, ಕಚೇರಿಗಳು ಇಬ್ಭಾಗವಾದವು. 2025ರ ಮೇ ತಿಂಗಳಲ್ಲಿ ಗದಗ–ವಾಡಿ ಮಾರ್ಗದ ತಳಕಲ್–ಕುಷ್ಟಗಿ ಭಾಗದಲ್ಲಿ ರೈಲು ಓಡತೊಡಗಿದಾಗ ಮನೆ ಮಾಲಕರು ಹಿಗ್ಗಿದರು. ರೈಲು ಬಾಡಿಗೆದಾರರನ್ನು ತರುತ್ತದೆಯೋ ಅಥವಾ ದೂರದಿಂದ ದಿನವೂ ಓಡಾಡುವವರಿಗೆ ಇನ್ನೊಂದು ಅನುಕೂಲ ಮಾಡಿಕೊಡುತ್ತದೆಯೋ ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತಿಲ್ಲ. ನನಗೇನೋ ಎರಡನೆಯದೇ ಹೆಚ್ಚು ಸಂಭವ ಅನ್ನಿಸುತ್ತದೆ.

ಬಾಡಿಗೆಯ ಲೆಕ್ಕಕ್ಕೆ ಬರೋಣ. ಏಳು ಸಾವಿರ ಕೇಳುವ ಮನೆಗೆ ಬಂದವರೆಲ್ಲ ಆರು ಸಾವಿರ ಎನ್ನುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಮಾಲಕರು ಪಟ್ಟು ಬಿಡದೆ ನಾಲ್ಕು ತಿಂಗಳು ಕಾದರೆ ಕೈಬಿಟ್ಟದ್ದು 28 ಸಾವಿರ. ಆರಕ್ಕೇ ಕೊಟ್ಟಿದ್ದರೆ ತಿಂಗಳಿಗೆ ಒಂದು ಸಾವಿರದಂತೆ ಇಷ್ಟೇ ಹಣ ಕಳೆದುಕೊಳ್ಳಲು 28 ತಿಂಗಳು ಬೇಕಿತ್ತು. ಲೆಕ್ಕ ಯಾರಿಗೂ ಗೊತ್ತಿಲ್ಲದ್ದಲ್ಲ. ಆದರೆ ‘ಬಾಜೂ ಮನಿ ಏಳಕ್ಕ ಹೋಗೇತಿ’ ಎಂಬ ಮಾತಿನ ಮುಂದೆ ಗಣಿತ ನಿಲ್ಲುವುದಿಲ್ಲ. ಕಟ್ಟಿಸಲು ಮಾಡಿದ ಸಾಲದ ಕಂತಿಗೆ ತಕ್ಕಂತೆ ಬಾಡಿಗೆ ನಿಗದಿ ಮಾಡುವವರೂ ಇದ್ದಾರೆ. ಬಾಡಿಗೆಗೆ ಬರುವವನಿಗೂ ನಿಮ್ಮ ಬ್ಯಾಂಕಿನ ಕಂತಿಗೂ ಏನು ಸಂಬಂಧ? ಅವನು ತನ್ನ ಪಗಾರ ನೋಡುತ್ತಾನೆ. ಸಣ್ಣ ಊರಿನ ಸರ್ಕಾರಿ ನೌಕರನ ಮನೆ ಬಾಡಿಗೆ ಭತ್ಯೆಯ ದರ ಬೆಂಗಳೂರಿನವನದಕ್ಕಿಂತ ಕಡಿಮೆ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಇನ್ನು ಬಂದವರು ಕೇಳುವ ಮೊದಲ ಪ್ರಶ್ನೆ ನೆಲಕ್ಕೆ ಹಾಸಿದ ಟೈಲ್ಸಿನ ಬಗ್ಗೆ ಇರುವುದಿಲ್ಲ. ‘ನಳ ಎಷ್ಟು ದಿನಕ್ಕೊಮ್ಮೆ ಬರ್ತಾವ್ರೀ? ಟಾಕಿ ಬ್ಯಾರೆ ಐತೇನು?’ ಎಂದು ಹೆಂಗಸರು ಕೇಳುತ್ತಾರೆ, ಮನೆ ಒಪ್ಪುವವರೂ ಬಿಡುವವರೂ ಅವರೇ. ಕುಷ್ಟಗಿ, ಯಲಬುರ್ಗಾ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಬೋರ್ ಇದೆ ಎಂದಷ್ಟೇ ಹೇಳಿದರೆ ಕುಡಿಯುವ ನೀರಿನ ಮಾತು ಮುಗಿಯುವುದಿಲ್ಲ. ಎರಡನೇ ಪ್ರಶ್ನೆ ಮೀಟರಿನದು. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಇದು ದೊಡ್ಡ ಪ್ರಶ್ನೆಯಾಗಿದೆ. ಬಾಡಿಗೆದಾರನೂ ಯೋಜನೆಯ ಲಾಭ ಪಡೆಯಬಹುದು, ಆದರೆ ಮನೆಗೆ ಸ್ವಂತ ಆರ್‌ಆರ್ ನಂಬರ್ ಬೇಕು, ಕರಾರುಪತ್ರದಂಥ ದಾಖಲೆ ಬೇಕು. ಮೂರು ಮನೆಗೆ ಒಂದೇ ಮೀಟರ್ ಇಟ್ಟು ಸಬ್‌ಮೀಟರ್ ಲೆಕ್ಕದಲ್ಲಿ ದುಡ್ಡು ವಸೂಲು ಮಾಡುವ ಮಾಲಕರು, ಹಿಂದಿನವರ ಆಧಾರ್ ಜೋಡಣೆಯನ್ನು ಬಿಡಿಸದೆ ಹಾಗೇ ಬಿಟ್ಟ ಮಾಲಕರು ಬಂದ ಗಿರಾಕಿಯನ್ನು ತಾವೇ ಕಳಿಸುತ್ತಾರೆ. ಹೊಸ ಬಣ್ಣಕ್ಕೆ ಮೂವತ್ತು ಸಾವಿರ ಸುರಿಯುವ ಬದಲು ಜೆಸ್ಕಾಂ ಕಚೇರಿಗೆ ಹೋಗಿ ಬೇರೆ ಮೀಟರ್ ಹಾಕಿಸುವುದು ಒಳ್ಳೆಯ ಪ್ರಚಾರ.

ಇಷ್ಟೆಲ್ಲ ಸರಿ ಇದ್ದೂ ಖಾಲಿ ಉಳಿಯುವ ಮನೆಗಳಿವೆ. ಅಲ್ಲಿಯ ಪ್ರಶ್ನೆ ಬೇರೆ, ಅದನ್ನು ಕೇಳುವವರು ಮಾಲಕರು: ‘ನೀವು ಯಾವ ಪೈಕಿ?’

ಈ ಪ್ರಶ್ನೆ ಎಷ್ಟು ಮೆತ್ತಗೆ ಬರುತ್ತದೆಂದರೆ ಕೇಳುವವರಿಗೆ ಅದರಲ್ಲಿ ತಪ್ಪೇ ಕಾಣುವುದಿಲ್ಲ. ಊರು ಯಾವುದು, ಅಡ್ಡಹೆಸರು ಏನು, ಯಾವ ಮಠಕ್ಕೆ ನಡೆದುಕೊಳ್ಳುತ್ತೀರಿ ಎಂದು ಸುತ್ತುಬಳಸಿ ಅಲ್ಲಿಗೇ ಬಂದು ನಿಲ್ಲುತ್ತದೆ. ಉತ್ತರ ಬೇಕಾದಂತೆ ಇಲ್ಲದಿದ್ದರೆ ‘ನಮ್ಮ ಅಳಿಯಂದಿರು ಬರೋದೈತ್ರೀ’ ಎಂದು ಬಾಗಿಲು ಮುಚ್ಚಿಕೊಳ್ಳುತ್ತದೆ. ಮಾಂಸ ತಿನ್ನುವವರಿಗೆ ಕೊಡುವುದಿಲ್ಲ ಎಂಬುದು ಇದೇ ಪ್ರಶ್ನೆಯ ಸಭ್ಯ ವೇಷ. ಕರ್ನಾಟಕದ ಬಹುಪಾಲು ಜನ ಮಾಂಸ ತಿನ್ನುವವರೇ. ದಲಿತರು ಬೇಡ, ಮುಸ್ಲಿಮರು ಬೇಡ, ಮದುವೆಯಾಗದ ಹುಡುಗರು ಬೇಡ, ಒಂಟಿ ಹೆಣ್ಣುಮಗಳು ನರ್ಸ್ ಆದರೂ ಬೇಡ, ಕಾರ್ಖಾನೆಗೆ ಬಂದ ಬಿಹಾರದವರು ಬೇಡ. ಹೀಗೆ ಕಳೆಯುತ್ತ ಹೋದರೆ ಕೊನೆಗೆ ಉಳಿಯುವವರು ಇಬ್ಬರು ಮಕ್ಕಳ, ಸಸ್ಯಾಹಾರಿ, ಖಾಯಂ ನೌಕರಿಯ ಗೃಹಸ್ಥರು. ಅವರು ಆಗಲೇ ಸ್ವಂತ ಮನೆ ಕಟ್ಟಿಸಿ, ಅದರ ಮೇಲಂತಸ್ತಿಗೆ ಬಾಡಿಗೆದಾರರನ್ನು ಹುಡುಕುತ್ತಿರುತ್ತಾರೆ!

ಇದು ನಗೆಯಲ್ಲಿ ಮುಗಿಯುವ ವಿಷಯವಲ್ಲ. ಅಮೆರಿಕದಲ್ಲಿ ಓದಿ ಬಂದ ಅಂಬೇಡ್ಕರ್ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದಾಗ ಇರಲು ಜಾಗ ಸಿಗದೆ ಪಾರ್ಸಿ ವಸತಿಗೃಹವೊಂದರಲ್ಲಿ ಹೆಸರು ಮರೆಸಿ ಉಳಿದದ್ದು, ಗುರುತು ತಿಳಿದವರು ದೊಣ್ಣೆ ಹಿಡಿದು ಬಂದು ಹೊರಹಾಕಿದ್ದು ಅವರೇ ಬರೆದಿಟ್ಟ ಸಂಗತಿ. ನೂರು ವರ್ಷದ ಮೇಲೂ ಅದು ಹಳೆಯ ಕಥೆಯಾಗಿಲ್ಲ. ಸುಖದೇವ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆ ಕೇಳಿದ ದಲಿತರಿಗೆ ಮೇಲ್ಜಾತಿಯವರಿಗಿಂತ ಹೆಚ್ಚು ನಿರಾಕರಣೆ, ಮುಸ್ಲಿಮರಿಗೆ ಅದಕ್ಕಿಂತಲೂ ಹೆಚ್ಚು ನಿರಾಕರಣೆ ಎದುರಾಗಿತ್ತು. ನಮ್ಮ ಜಿಲ್ಲೆಯ ದಾಖಲೆಯೂ ಹೆಮ್ಮೆ ಪಡುವಂಥದ್ದಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲ್ ಪ್ರವೇಶದ ತಕರಾರಿನ ಬೆನ್ನಿಗೆ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಹೋಗಿದ್ದಾರೆ. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಗುಡಿಯೊಳಗೆ ಕಾಲಿಟ್ಟ ದಲಿತ ಕೂಸಿನ ಹೆತ್ತವರಿಗೆ ಶುದ್ಧೀಕರಣದ ಹೆಸರಲ್ಲಿ ದಂಡ ಕೇಳಿದ ಸುದ್ದಿ ದೇಶವೆಲ್ಲ ಓದಿತು. ಪಟ್ಟಣದ ಮಾಲಕ ಬೆಂಕಿ ಹಚ್ಚುವುದಿಲ್ಲ, ದಂಡ ಹಾಕುವುದಿಲ್ಲ, ಅಳಿಯಂದಿರು ಬರುತ್ತಾರೆ ಎಂದು ನಗುತ್ತ ಹೇಳುತ್ತಾನೆ. ಕೇಳಿಸಿಕೊಂಡು ವಾಪಸು ಹೋಗುವ ಶಿಕ್ಷಕನಿಗೆ ಮಾತ್ರ ಅದರ ಅರ್ಥ ತಿಳಿದಿರುತ್ತದೆ.

‘ನನ್ನ ಮನೆ, ನನ್ನ ಇಷ್ಟ. ಕೊಡುವುದೂ ಬಿಡುವುದೂ ನನ್ನ ಹಕ್ಕು’ ಎಂಬ ವಾದ ಇದೆ. ಅರ್ಧ ನಿಜ. ಬಾಡಿಗೆ ಸರಿಯಾಗಿ ಕೊಡುವವನೇ, ಮನೆ ಹಾಳು ಮಾಡುವವನೇ, ಕುಡಿದು ಗದ್ದಲ ಮಾಡುವವನೇ ಎಂದು ವಿಚಾರಿಸುವ ಹಕ್ಕು ಮಾಲಕರಿಗೆ ಇರಲೇಬೇಕು. ಈ ಯಾವ ಪ್ರಶ್ನೆಗೂ ಜಾತಿ ಉತ್ತರ ಕೊಡುವುದಿಲ್ಲ. ಮೇಲಾಗಿ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 7ನೇ ಕಲಮು ಬಹಿಷ್ಕಾರವೆಂದರೆ ಏನೆಂದು ವಿವರಿಸುವಾಗ ಮನೆ ಬಾಡಿಗೆಗೆ ಕೊಡಲು ನಿರಾಕರಿಸುವುದನ್ನೂ ಹೆಸರಿಸಿದೆ ಎಂಬುದು ಬೋರ್ಡ್ ಹಾಕಿದ ಎಷ್ಟು ಜನರಿಗೆ ಗೊತ್ತು?

ಇಲ್ಲಿ ಸುಲಭದ ಒಂದು ಸಮಾಧಾನ ಕೈಗೆ ಸಿಗುತ್ತದೆ: ಜಾತಿ ನೋಡುವವನಿಗೆ ನಷ್ಟವಾಗುತ್ತದೆ, ಮಾರುಕಟ್ಟೆಯೇ ಅವನಿಗೆ ಬುದ್ಧಿ ಕಲಿಸುತ್ತದೆ ಎಂದು. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಮನೆಗಳಿಗೆ ಬೇಡಿಕೆ ಇರುವ ಕಡೆ ಒಬ್ಬನನ್ನು ವಾಪಸು ಕಳಿಸಿದರೆ ಇನ್ನೊಬ್ಬ ಬರುತ್ತಾನೆ, ಪೂರ್ವಗ್ರಹಕ್ಕೆ ಅಲ್ಲಿ ಖರ್ಚೇ ಇಲ್ಲ. ಅಂಥಲ್ಲಿ ಕಾನೂನೂ ಲೋಕಾಭಿಪ್ರಾಯವೂ ಬೇಕು. ಆದರೆ ಯಲಬುರ್ಗಾದಂಥ ಊರಲ್ಲಿ, ವರ್ಷಕ್ಕೆ ಬೆರಳೆಣಿಕೆಯ ಮಂದಿ ಮನೆ ಕೇಳಿಕೊಂಡು ಬರುವಲ್ಲಿ, ಆ ಪ್ರಶ್ನೆಗೆ ನೇರ ಬೆಲೆ ಇದೆ, ಅದನ್ನು ತಿಂಗಳು ತಿಂಗಳು ಮಾಲಕರೇ ತೆರುತ್ತಿದ್ದಾರೆ. ತೆರುತ್ತಿರುವುದು ಗೊತ್ತಾಗಲೆಂದೇ ಇಷ್ಟು ಬರೆದದ್ದು.

ಮಾಲಕರ ಅಂಜಿಕೆಗಳೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಒಮ್ಮೆ ಒಳಗೆ ಬಂದವರು ಬಿಡದಿದ್ದರೆ, ಕೋರ್ಟಿಗೆ ಅಲೆಯಬೇಕಾದರೆ ಎಂಬ ಭಯಕ್ಕೆ ಕಾರಣವಿದೆ. ನಮ್ಮ ಭಾಗದ ಹಳೆಯ ತಲೆಮಾರಿನಲ್ಲಿ ಈ ಭಯಕ್ಕೆ ಇನ್ನೊಂದು ಬೇರು ಇದೆಯೆಂದು ನನ್ನ ಗುಮಾನಿ: 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಹೊಲ ಉಳುವವನ ಪಾಲಾದದ್ದನ್ನು ಕಂಡವರು, ಮನೆಯೂ ಹಾಗೇ ಹೋದೀತೆಂದು ಅಂಜುತ್ತಾರೆ. ಹನ್ನೆರಡು ವರ್ಷ ಇದ್ದರೆ ಮನೆ ಅವರದೇ ಎಂಬ ಮಾತು ಚಹಾದಂಗಡಿಗಳಲ್ಲಿ ಕಾನೂನಿನಂತೆ ಓಡಾಡುತ್ತದೆ. ಭೂಸುಧಾರಣೆಯ ಕಾಯ್ದೆ ಹೊಲಗಳದ್ದು, ಮನೆಗಳದ್ದಲ್ಲ. ಬಾಡಿಗೆದಾರನಾಗಿ ಒಳಬಂದವನು ಬಾಡಿಗೆದಾರನಾಗಿಯೇ ಇರುತ್ತ ಮಾಲಕನ ಹಕ್ಕನ್ನು ಅಲ್ಲಗಳೆಯುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 116ನೇ ಕಲಮು ಹೇಳುತ್ತಿತ್ತು. 2023ರ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಹಾಗಾಗಿ ಬೇಕಾದದ್ದು ಲಿಖಿತ ಕರಾರು. ನಮ್ಮಲ್ಲಿ ಬಾಯಿಮಾತಿನ ಮೇಲೆ ಕೀಲಿಕೈ ಕೊಟ್ಟು, ಆಮೇಲೆ ಜಾತಿಯ ಮೇಲೆ ಭರವಸೆ ಇಡುತ್ತಾರೆ. ಸ್ವಜಾತಿಯವನೇ ಬಾಡಿಗೆ ಬಾಕಿ ಇಟ್ಟು ಹೋದ ಪ್ರಸಂಗಗಳನ್ನು ಯಾವ ಓಣಿಯಲ್ಲಾದರೂ ಕೇಳಿ ನೋಡಿ.

ಸಣ್ಣ ಊರಿನಲ್ಲಿ ಮನೆಯ ನಿಜವಾದ ಜಾಹೀರಾತು ಹಿಂದೆ ಇದ್ದುಹೋದವರ ಬಾಯಲ್ಲಿರುತ್ತದೆ. ಬಿಟ್ಟುಹೋಗುವಾಗ ಡಿಪಾಸಿಟ್ಟಿನಲ್ಲಿ ಬಣ್ಣಕ್ಕಿಷ್ಟು, ನಳದ ತಿರುಪಿಗಿಷ್ಟು ಎಂದು ಮುರಿದುಕೊಂಡ ಮಾಲಕರ ಹೆಸರು ಶಾಲೆಯ ಸ್ಟಾಫ್‌ರೂಮಿನಲ್ಲಿ, ಆಸ್ಪತ್ರೆಯ ಡ್ಯೂಟಿ ಕೋಣೆಯಲ್ಲಿ, ಕಾರ್ಖಾನೆಯ ಬಸ್ಸಿನಲ್ಲಿ ತಾನಾಗಿ ಹಬ್ಬುತ್ತದೆ. ರಾತ್ರಿ ಒಂಬತ್ತಕ್ಕೆ ಗೇಟು ಹಾಕುವವರ, ಬಂದ ನೆಂಟರನ್ನು ಎಣಿಸುವವರ ಸುದ್ದಿಯೂ ಹಾಗೆಯೇ. ವರ್ಗಾವಣೆಯಾಗಿ ಬರುವವನು ಮೊದಲು ಫೋನ್ ಮಾಡುವುದು ಅದೇ ಕಚೇರಿಯ ಸಹೋದ್ಯೋಗಿಗೆ. ಅವನು ‘ಆ ಮನಿ ಬ್ಯಾಡ್ರಿ ಸರ್’ ಅಂದನೆಂದರೆ ಫೋಟೊ ಎಷ್ಟು ಚಂದ ಬಂದಿದ್ದರೂ ಮುಗಿಯಿತು.

ಕಾಲದ ಲೆಕ್ಕವನ್ನೂ ಇಡಬೇಕು. ಶಾಲೆಯ ಪ್ರವೇಶ, ವರ್ಗಾವಣೆ ನಡೆಯುವುದು ಮೇ–ಜೂನ್ ಹೊತ್ತಿಗೆ. ಆಷಾಢ ಹೊಕ್ಕಿತೆಂದರೆ ಮನೆ ಬದಲಿಸುವವರು ಅಪರೂಪ. ಆಷಾಢದಲ್ಲಿ ಖಾಲಿಯಾದ ಮನೆಗೆ ಶ್ರಾವಣದವರೆಗೆ ಯಾರೂ ಬರಲಿಲ್ಲವೆಂದು ಗಾಬರಿ ಬೀಳಬೇಕಿಲ್ಲ. ಶ್ರಾವಣ ಕಳೆದು ಮಹಾನವಮಿ ಬಂದರೂ ಬೋರ್ಡ್ ತೂಗುತ್ತಿದ್ದರೆ ತೊಂದರೆ ಮನೆಯಲ್ಲಿದೆ, ಇಲ್ಲವೇ ಮಾಲಕರಲ್ಲಿದೆ.

ಖಾಲಿ ಮನೆ ಇಟ್ಟುಕೊಂಡಿರುವ ನಮ್ಮ ನಾಲ್ಕೂ ಊರಿನವರಲ್ಲಿ ನನ್ನ ಕೇಳಿಕೆ ಇಷ್ಟು. ಬೋರ್ಡಿನ ಮೇಲೆ ಬಾಡಿಗೆ ಎಷ್ಟು, ನೀರು ಹೇಗೆ, ಮೀಟರ್ ಬೇರೆಯೋ ಅಲ್ಲವೋ ಎಂಬುದನ್ನು ಬರೆದು ಹಾಕಿ. ಬಂದವರ ನೌಕರಿ ಕೇಳಿ, ಪಗಾರ ಕೇಳಿ, ಹಿಂದಿನ ಮನೆಯ ಮಾಲಕರ ನಂಬರ್ ಕೇಳಿ, ಪೈಕಿ ಕೇಳಬೇಡಿ. ಹಿಂದಿನವರಿಗೆ ಕೊಡಬೇಕಾದ ಡಿಪಾಸಿಟ್ ಇನ್ನೂ ನಿಮ್ಮ ಹತ್ತಿರವೇ ಉಳಿದಿದ್ದರೆ ಅದನ್ನು ಇವತ್ತೇ ಫೋನ್‌ಪೇ ಮಾಡಿಬಿಡಿ.