ಸೂಟ್‌ಕೇಸಿನೊಳಗಿನ ಔಷಧಾಲಯ

ನಾರ್ತ್‌ರಿಜ್‌ನ ವಿಮೆಯಿಲ್ಲದ ಮೆಕ್ಸಿಕನ್ ಕಾರ್ಮಿಕ ಸ್ಯಾನ್ ಡಿಯಾಗೋದ ಗಡಿ ದಾಟಿ ಟಿಹುವಾನಾದಿಂದ ಆ್ಯಂಟಿಬಯಾಟಿಕ್ ತಂದರೆ ಅದು ಅಜ್ಞಾನ. ಕನ್ನಡದ ಎಂಜಿನಿಯರ್ ಬೆಂಗಳೂರಿನಿಂದ ತಂದರೆ ಮುಂದಾಲೋಚನೆ! ಸ್ವಯಂವೈದ್ಯವನ್ನು ಜನಾಂಗದ ಗುಣವೆಂದು ಬಗೆಯುವವರಿಗೆ ಈ ತಾರತಮ್ಯ ಕಾಣುವುದಿಲ್ಲ.

ಸಂದರ್ಶಕ ವೀಸಾದಲ್ಲಿ ಬರುವ ವೃದ್ಧ ತಾಯಿಗೆ ಇಲ್ಲಿ ಮೆಡಿಕೇರ್ ಇಲ್ಲ. ವೈದ್ಯರೇ ಬರೆದುಕೊಟ್ಟ ರಕ್ತದೊತ್ತಡದ ಮಾತ್ರೆಗಳು ಸೀರೆಗಳ ನಡುವೆಯೇ ಬರಬೇಕು. ಆಕ್ಷೇಪ ಅವಕ್ಕಲ್ಲ, ಅವುಗಳ ಜೊತೆ ಬಂದು, ಪರಿಚಿತರ ಮಕ್ಕಳ ಕೆಮ್ಮಿಗೂ ಹಂಚಿಹೋಗುವ ಸೆಫಿಕ್ಸಿಮ್‌ಗೆ. ಭಾರತದಲ್ಲೇ ಅದು 2014ರಿಂದ ಶೆಡ್ಯೂಲ್ ಎಚ್1ಕ್ಕೆ ಸೇರಿದೆ: ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ವೈದ್ಯರ ಮತ್ತು ರೋಗಿಯ ಹೆಸರನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದಿಟ್ಟುಕೊಳ್ಳಬೇಕು. ಗುರುತಿನ ಮೆಡಿಕಲ್ ಶಾಪಿನಲ್ಲಿ ಎರಡನ್ನೂ ತಪ್ಪಿಸಿ ನಾಲ್ಕು ಸ್ಟ್ರಿಪ್ ಕೊಳ್ಳುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ವಿಮೆಯೂ ಉಂಟು, ವೈದ್ಯರೂ ಉಂಟು. ಟಿಹುವಾನಾಕ್ಕೆ ಹೋದವನಿಗೆ ಅವೆರಡೂ ಇರಲಿಲ್ಲ.